ಅಂಬವ್ವನ ನಲವತ್ತೊಂದು ಚಿಕ್ಕಿ

ಶೇಂಗಾ ಹೋಳಿಗಿ ತಿಂದ ಬೆರಳುಗಳನ್ನು ಒಂದೊಂದಾಗಿ ನೆಕ್ಕಿ, ಅದೇ ಬೆರಳಿನಿಂದ ಹಸಿರು ಮಸಿಯ ಪೆನ್ನು ಹಿಡಿದು, ಡಾಕ್ಟರ್ ಜಯತೀರ್ಥರು ಅಂಬವ್ವನ ಮಾತಿನ ಮುಂದೆ ಒಂದು ಚಿಕ್ಕಿ, ಅಂದರೆ ನಕ್ಷತ್ರದ ಗುರುತು, ಬರೆದರು. ಹೋಳಿಗಿ ಮಾಡಿ ಕಳಿಸಿದವಳೂ ಅದೇ ಅಂಬವ್ವ. ಎದುರಿಗೆ ಕೂತಿದ್ದ ನಲಿನಿ, ಅಂಬವ್ವನ ಒಬ್ಬಳೇ ಮಗಳು, ಆ ಬೆರಳು ನೋಡಿದಳು, ಆ ಚಿಕ್ಕಿ ನೋಡಿದಳು.

ಭಾಷಾಶಾಸ್ತ್ರದಲ್ಲಿ ಒಂದು ಪದ್ಧತಿ ಇದೆ. ಯಾವುದಾದರೂ ವಾಕ್ಯದ ಮುಂದೆ ಚಿಕ್ಕಿ ಇಟ್ಟರೆ, ಇಂಥ ಮಾತು ಈ ಭಾಷೆಯಲ್ಲಿ ಇಲ್ಲ, ಇದನ್ನು ಆಡುವ ಯಾರ ಬಾಯಲ್ಲೂ ಹೀಗೆ ಬರುವುದಿಲ್ಲ ಅಂತ ಅರ್ಥ. ಹಾಗಾಡಬಾರದು ಅಂತಲ್ಲ, ಯಾರೂ ಹಾಗೆ ಆಡುವುದೇ ಇಲ್ಲ ಅಂತ. ಅಲ್ರೀ, ನಲವತ್ತಾರು ವರ್ಷ ಆ ಹೆಣ್ಣುಮಗಳು ಬೆಳಗ್ಗೆ ಎದ್ದು ಮಲಗುವ ತನಕ ಆಡಿಕೊಂಡು ಬಂದ ಮಾತು, ಟೇಪಿನಲ್ಲಿ ಗಂಟೆ ಬಾರಿಸಿದಂತೆ ಕೇಳಿಸುತ್ತಿರುವ ಮಾತು, ಅದು ಇಲ್ಲವಂತೆ! ಇಂಥದ್ದನ್ನು ಬರೆಯಲು ಮನುಷ್ಯನಿಗೆ ಡಾಕ್ಟರೇಟೇ ಬೇಕು ನೋಡ್ರಿ, ನಮ್ಮನಿಮ್ಮಂಥವರಿಗೆ ಆಗುವ ಕೆಲಸವಲ್ಲ.

ಇದು ಎಂಬತ್ತೆರಡನೇ ಇಸವಿಯ ಮಾತು. ಹೈದರಾಬಾದಿನ ಬೇಗಂಪೇಟೆಯ ಒಂದು ಹಳೇ ಬಂಗಲೆಯಲ್ಲಿ ವಿದೇಶಿ ಭಾಷೆಗಳನ್ನು ಕಲಿಸುವ ವಿದ್ಯಾಲಯ ಇತ್ತು. ತಲೆ ಮೇಲೆಯೇ ವಿಮಾನ ಇಳಿಯುತ್ತಿದ್ದವು. ಇಳಿಯುವಾಗ ಮೇಷ್ಟರು ಬಾಯಿ ತೆರೆದುಕೊಂಡು ಅರ್ಧ ನಿಮಿಷ ಹಾಗೇ ನಿಲ್ಲುತ್ತಿದ್ದರು, ಆಮೇಲೆ ಬಿಟ್ಟಲ್ಲಿಂದ ಪಾಠ ಮುಂದುವರಿಯುತ್ತಿತ್ತು. ನಲಿನಿ ಅಲ್ಲಿ ಫ್ರೆಂಚಿನಲ್ಲಿ ಭಾಷಾಶಾಸ್ತ್ರದ ಎಂ.ಎ. ಓದುತ್ತಿದ್ದಳು. ಪಾಠ ಫ್ರೆಂಚಿನಲ್ಲಿ, ಪರೀಕ್ಷೆ ಫ್ರೆಂಚಿನಲ್ಲಿ, ಕೊನೆಗೆ ಬರೆಯಬೇಕಾದ ನೂರು ಪುಟದ ಪ್ರಬಂಧವೂ ಫ್ರೆಂಚಿನಲ್ಲಿ. ಅವಳ ಅಪ್ಪ ಅಮರೇಶಪ್ಪ ಪಟಾನ್‌ಚೆರುವಿನ ಔಷಧದ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಮನೆ ಮೆಹದಿಪಟ್ಟಣಂ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ. ಹುಮನಾಬಾದ್ ಕಡೆಯ ಲಿಂಗಾಯತರ ಈ ಹುಡುಗಿಗೆ ಫ್ರೆಂಚ್ ಯಾಕೆ ಬೇಕಿತ್ತು ಅಂತ ಬಂಧುಬಳಗದವರು ಮೂಗು ಮುರಿದಿದ್ದರು. ಅಂಬವ್ವ ಮಾತ್ರ, "ಆಕಿ ನಾಲಿಗಿ, ಆಕಿ ಇಷ್ಟ, ನಿಮಗೇನ್ ಬ್ಯಾನಿ?" ಅಂತ ಎಲ್ಲರ ಬಾಯಿ ಮುಚ್ಚಿಸಿದ್ದಳು.

ಆಬಿಡ್ಸ್ ಕಡೆಯ ಹೆಣ್ಣುಮಕ್ಕಳ ಕಾಲೇಜೊಂದು ಜೂನಿನಿಂದ ನಲಿನಿಯನ್ನು ಫ್ರೆಂಚ್ ಕಲಿಸಲು ತೆಗೆದುಕೊಳ್ಳುತ್ತೇವೆ ಅಂದಿತ್ತು. ಒಂದೇ ಶರತ್ತು: ಅಷ್ಟರೊಳಗೆ ಡಿಗ್ರಿ ಕೈಯಲ್ಲಿರಬೇಕು. ಡಿಗ್ರಿಗೆ ಪ್ರಬಂಧ ಬೇಕು, ಪ್ರಬಂಧಕ್ಕೆ ಗೈಡ್ ಜಯತೀರ್ಥರ ಸಹಿ ಬೇಕು.

ಪ್ರಬಂಧದ ವಿಷಯ ಕೊಟ್ಟವರೂ ಅವರೇ. ಒಬ್ಬರು ಹೇಳಿದ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ಫ್ರೆಂಚ್ ಹೇಗೆ ಮುಟ್ಟಿಸುತ್ತದೆ, ಕನ್ನಡ ಹೇಗೆ ಮುಟ್ಟಿಸುತ್ತದೆ ಅನ್ನೋದು. ನೋಡಲಿಕ್ಕೆ ಸರಳ. ಕನ್ನಡದಲ್ಲಿ "ಬರೂದಿಲ್ಲ ಅಂತ ಹೇಳಿದಳು" ಅನ್ನುತ್ತೇವೆ. ಮಾತು ಮೊದಲು, ಅದರ ಬಾಲಕ್ಕೆ "ಅಂತ". ಫ್ರೆಂಚಿನವರು ತಿರುಗಾಮುರುಗಾ. ಮೊದಲು "ಹೇಳಿದಳು", ಆಮೇಲೆ "ಕ" ಅನ್ನುವ ಚೋಟುದ್ದದ ಶಬ್ದ, ಅದರ ಬೆನ್ನಿಗೆ ಹೇಳಿದ ಮಾತು. ಅಷ್ಟೇ. ಇದರ ಮೇಲೆ ನೂರು ಪುಟ ಬರೆಯಬೇಕು.

ಕನ್ನಡದ ವಾಕ್ಯ ಬೇಕಲ್ಲ, ಅದಕ್ಕೆ ನಲಿನಿ ವಿದ್ಯಾಲಯದ ಟೇಪ್ ರೆಕಾರ್ಡರ್ ತಂದು ಅವ್ವನ ಮುಂದೆ ಇಟ್ಟಳು. ಮೊದಲ ಹತ್ತು ನಿಮಿಷ ಅಂಬವ್ವ ಫೋಟೋಕ್ಕೆ ಕೂತವಳ ಹಾಗೆ ಸೆರಗು ಹೊದ್ದು ಗಟ್ಟಿಯಾಗಿ ಕೂತಳು. ಆಮೇಲೆ ಪಕ್ಕದ ಮನೆ ಗಂಗೂಬಾಯಿಯ ಸುದ್ದಿ ಬಂತು ನೋಡ್ರಿ, ಯಂತ್ರ ಮರೆತೇಹೋಯಿತು. ಕೈ ಆಡಿಸುತ್ತ, ಗಂಗೂಬಾಯಿಯ ದನಿ ಗಂಗೂಬಾಯಿಗೆ, ತನ್ನ ದನಿ ತನಗೆ ಹಂಚುತ್ತ, ಒಂದು ಇಡೀ ಜಗಳವನ್ನು ಅಡುಗೆಮನೆಯಲ್ಲಿ ಎಬ್ಬಿಸಿ ನಿಲ್ಲಿಸಿದಳು.

"ಗಂಗೂಬಾಯಿ ಅಂದ್ಳು ಕಿ ನಳದ ನೀರು ಮೊದಲ ತನಗ ಬೇಕು ಅಂತ. ನಾ ಅಂದೆ ಕಿ ನಿನ್ನ ಗಂಡ ಏನ್ ನಳ ತಲಿಮ್ಯಾಲ ಹೊತ್ಕೊಂಡ ಬಂದಾನೇನು ಅಂತ!"

ನಲಿನಿ ನಕ್ಕು ನಕ್ಕು ಸುಸ್ತಾದಳು. ಮಾರನೆಯ ದಿನ ಟೇಪು ತಿರುಗಿಸಿ ಕೇಳುತ್ತ ಬರೆದುಕೊಳ್ಳುವಾಗ ಪೆನ್ನು ನಿಂತಿತು. ಅಂದ್ಳು ಕಿ. ಅಂದೆ ಕಿ. ಹೇಳ್ಯಾನ ಕಿ. ಅಯ್ಯಯ್ಯ! ಕನ್ನಡದ "ಅಂತ" ಬಾಲದಲ್ಲಿ ಇದ್ದೇ ಇತ್ತು, ಆದರೆ ತಲೆಯಲ್ಲಿ "ಕಿ" ಬಂದು ಕೂತಿತ್ತು, ಥೇಟ್ ಫ್ರೆಂಚಿನವರ "ಕ" ಕೂರುವ ಜಾಗದಲ್ಲಿ. ಅಂಬವ್ವ ಓದಿದ್ದು ನಾಲ್ಕನೆಯ ಇಯತ್ತೆ, ನಿಜಾಮರ ಕಾಲದಲ್ಲಿ, ಉರ್ದು ಶಾಲೆಯಲ್ಲಿ. ಸಂತೆಯಲ್ಲಿ ದಖನಿ ಉರ್ದು, ಮನೆಯಲ್ಲಿ ಕನ್ನಡ. ಆ "ಕಿ" ಅಲ್ಲಿಂದ ನಡೆದು ಬಂದು ಈ ಮನೆಯಲ್ಲಿ ಸೊಸೆಯಾಗಿ ನಿಂತುಬಿಟ್ಟಿತ್ತು. ಇಪ್ಪತ್ತೆರಡು ವರ್ಷ ನಲಿನಿ ಅದನ್ನು ಕೇಳಿದ್ದಳು, ತಾನೂ ಆಡಿದ್ದಳು, ಗಮನಿಸಿರಲಿಲ್ಲ. ಒಂದು ವಾರದಲ್ಲಿ ಅಂಥ ನಲವತ್ತೊಂದು ವಾಕ್ಯ ಸಿಕ್ಕವು. ಖುಷಿಗೆ ಅವಳು ಅವತ್ತು ಊಟ ಮಾಡಲಿಲ್ಲ.

ಆ ಖುಷಿ ಹೊತ್ತುಕೊಂಡೇ, ಜೊತೆಗೆ ಅವ್ವ ಕಟ್ಟಿಕೊಟ್ಟ ಹೋಳಿಗಿ ಡಬ್ಬಿ ಹಿಡಿದುಕೊಂಡೇ ಅವಳು ಗೈಡ್ ಕೋಣೆಗೆ ಹೋಗಿದ್ದು.

ಜಯತೀರ್ಥರ ಮನೆತನ ರಾಯಚೂರಿನ ಕಡೆಯದು, ಮೂರು ತಲೆಮಾರಿನಿಂದ ಹೈದರಾಬಾದಿನಲ್ಲಿ ಸರ್ಕಾರಿ ನೌಕರಿ ಮಾಡಿಕೊಂಡು ಬಂದವರು. ಇವರು ಪ್ಯಾರಿಸಿಗೆ ಹೋಗಿ ಡಾಕ್ಟರಾಗಿ ಬಂದಿದ್ದರು. ಬಾಯಲ್ಲಿ ಯಾವಾಗಲೂ ಲವಂಗ. ಅದರ ಚೂರು ಹಲ್ಲಿನ ಸಂದಿಯಿಂದ ನಾಲಿಗೆಯ ತುದಿಗೆ ಬಂದು, ಅಲ್ಲಿಂದ ಕರ್ಚೀಫಿಗೆ ಹೋಗುತ್ತಿತ್ತು. ಆ ಕರ್ಚೀಫಿಗೆ ಅತ್ತರು. ಒದ್ದೆ ಅತ್ತರು, ಒದ್ದೆ ಲವಂಗ. ಆ ಕೋಣೆಯಲ್ಲಿ ಉಸಿರು ಎಳೆಯುವುದೇ ನಲಿನಿಗೆ ಒಂದು ಕೆಲಸ.

"ಇದು ಕನ್ನಡವಲ್ಲ, ನಲಿನಿ. ಇದು ಖಿಚಡಿ," ಅಂದರು ಅವರು, ಐದನೆಯ ಹೋಳಿಗಿಗೆ ಕೈ ಹಾಕುತ್ತ.

"ಸರ್, ಟೇಪಿನಾಗ ಐತಲ್ರಿ ಸರ್. ನಮ್ಮವ್ವ ಹಿಂಗ ಮಾತಾಡ್ತಾಳ್ರಿ."

"ನಿಮ್ಮ ತಾಯಿ ಮಾತಾಡುತ್ತಾರೆ, ಇಲ್ಲ ಎನ್ನುವುದಿಲ್ಲ. ಕನ್ನಡ ಮಾತಾಡುವುದಿಲ್ಲ." ತಮ್ಮ ಮಾತು ತಮಗೇ ರುಚಿಸಿ ಅವರು ನಕ್ಕರು. "ಕನ್ನಡದಲ್ಲಿ ಇಂಥ ಶಬ್ದ ವಾಕ್ಯದ ನಡುವೆ ಬಂದು ಕೂರುವುದು ಅಸಾಧ್ಯ. ನಾನು ಇದನ್ನು ಪ್ಯಾರಿಸಿನಲ್ಲಿ ಸಾಧಿಸಿ ತೋರಿಸಿದ್ದೇನೆ. ಇಪ್ಪತ್ತು ವರ್ಷದಿಂದ ಎಲ್ಲರೂ ಒಪ್ಪಿದ್ದಾರೆ."

ಓಹೋ, ಇದಾ ಸಂಗತಿ! ನಲಿನಿಗೆ ಆಗ ಹೊಳೆಯಿತು. ಅವರ ಪುಸ್ತಕದ ಮೂರನೆಯ ಅಧ್ಯಾಯ ಪೂರ್ತಿ ಆ "ಅಸಾಧ್ಯ"ದ ಮೇಲೆ ನಿಂತಿತ್ತು. ಮೆಹದಿಪಟ್ಟಣಂನ ನಳದ ಜಗಳ ಒಂದು ಬಂದು ಒದ್ದರೆ ಅದು ಬೀಳುತ್ತಿತ್ತು.

"ಈ ನಲವತ್ತೊಂದಕ್ಕೂ ಚಿಕ್ಕಿ ಹಾಕು. ಕನ್ನಡಿಗರು ಇಂಥ ವಾಕ್ಯ ಒಪ್ಪುವುದಿಲ್ಲ ಎಂದು ಬರೆ. ಆಗ ಪ್ರಬಂಧಕ್ಕೆ ಒಂದು ಗಾಂಭೀರ್ಯ ಬರುತ್ತದೆ. ಇಲ್ಲವಾದರೆ ಬೇರೆ ವಿಷಯ ತೆಗೆದುಕೊ, ಇನ್ನೊಂದು ವರ್ಷ ಬರೆ. ಇದಕ್ಕೆ ನನ್ನ ಸಹಿ ಇಲ್ಲ." ಹೀಗೆ ಹೇಳಿ, ಬೆರಳು ನೆಕ್ಕಿ, ಮೊದಲನೆಯ ಚಿಕ್ಕಿಯನ್ನು ತಾವೇ ಹಾಕಿ ತೋರಿಸಿದರು. ಆಮೇಲೆ ಡಬ್ಬಿ ಅಲ್ಲಾಡಿಸಿ ನೋಡಿ, "ತಾಯಿಯ ಕೈ ಬಹಳ ಒಳ್ಳೆಯದು," ಅಂದರು.

ನಲಿನಿ ಏನು ಮಾಡಿದಳು ಅಂತೀರಿ? ಎದ್ದು ಡಬ್ಬಿ ಅವರ ತಲೆಗೆ ಬಡಿದಳಾ? ಇಲ್ಲ. "ಆಯ್ತ್ರಿ ಸರ್," ಅಂದಳು. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಅವರನ್ನು ಬೈದಳು, ಬಾಯಿ ಬಿಡದೆ.

ಟೈಪಿಂಗ್ ಮಾಡಿಸಿದ್ದಾಯಿತು. ಆ ಟೈಪ್‌ರೈಟರಿನಲ್ಲಿ ಚಿಕ್ಕಿಯ ಗುಂಡಿ ಮುರಿದಿತ್ತು. ಹಾಗಾಗಿ ಚಿಕ್ಕಿಗಳನ್ನು ಕೈಯಲ್ಲಿ ಬರೆಯಬೇಕಾಯಿತು. ನಾಲ್ಕು ಪ್ರತಿ, ಪ್ರತಿಯೊಂದರಲ್ಲೂ ನಲವತ್ತೊಂದು. ನಲಿನಿ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಕೂತು ಒಂದಾದ ಮೇಲೊಂದು ಬರೆದಳು. ಮೊದಮೊದಲು ಒಂದೊಂದು ಚಿಕ್ಕಿಯೂ ಒಂದೊಂದು ಕಡೆಗೆ ವಾಲುತ್ತಿತ್ತು. ಎರಡನೆಯ ಪ್ರತಿಗೆ ಬರುವಷ್ಟರಲ್ಲಿ ಕೈಗೆ ರೂಢಿಯಾಗಿ, ಚಿಕ್ಕಿಗಳು ಚಂದವಾಗಿ, ಒಂದೇ ಅಳತೆಗೆ ಬೀಳತೊಡಗಿದವು. ಅದೇ ಅವಳಿಗೆ ಹೆಚ್ಚು ಅಸಹ್ಯವಾಯಿತು. ಮೇಷ್ಟರು ಕೊಳಕು ಅನ್ನೋಣ, ಈ ಚಂದದ ಚಿಕ್ಕಿಗಳಿಗೆ ಏನನ್ನೋಣ?

ಅಂಬವ್ವ ರೊಟ್ಟಿ ಬಡಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದಳು.

"ಏನವಾ ಅದು, ಚಿಕ್ಕಿ ಹಾಕಾಕತ್ತಿ?"

"ನೀ ಹೇಳಿದ ಮಾತು, ಯವ್ವಾ."

"ನನ್ನ ಮಾತಿಗೆ ಚಿಕ್ಕಿ?" ಅಂಬವ್ವನ ಮುಖ ಅರಳಿತು. "ಎಷ್ಟು?"

"ನಲವತ್ತೊಂದು."

"ಅಯ್ಯ ಶಿವನೇ! ನಲವತ್ತೊಂದು!"

ನಲಿನಿ ಸಣ್ಣವಳಿದ್ದಾಗ ಶಾಲೆಯ ಟೀಚರು ಒಳ್ಳೆಯ ಅಕ್ಷರಕ್ಕೆ ಪುಸ್ತಕದಲ್ಲಿ ಕೆಂಪು ಚಿಕ್ಕಿ ಹಾಕುತ್ತಿದ್ದರು. ವಾರಕ್ಕೆ ಒಂದು ಬಂದರೆ ಮನೆಯಲ್ಲಿ ಶಿರಾ ಆಗುತ್ತಿತ್ತು. ಓದು ಬಿಟ್ಟು ಮೂವತ್ತಾರು ವರ್ಷವಾದ ಮೇಲೆ ತನಗೆ, ಅದೂ ಫ್ರೆಂಚ್ ಓದಿದವರ ಕೈಯಿಂದ, ನಲವತ್ತೊಂದು ಚಿಕ್ಕಿ! ನಲಿನಿ ಹೇಳಬಹುದಿತ್ತು. ಯವ್ವಾ, ಇದು ಆ ಚಿಕ್ಕಿ ಅಲ್ಲ ಅಂತ ಒಂದು ಮಾತು. ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಅಂಬವ್ವ ಹಿತ್ತಲಿಗೆ ಹೋಗಿ ಗೋಡೆಯಾಚೆಯ ಗಂಗೂಬಾಯಿಯನ್ನು ಕೂಗಿ ಆಗಿತ್ತು. "ಏ ಗಂಗೂ, ಕೇಳಿದಿಯೇನ? ನಿನ್ನ ಜಗಳಕ್ಕೂ ಎರಡು ಚಿಕ್ಕಿ ಬಂದಾವ!"

ಸಹಿ ಬಿತ್ತು. ಪ್ರಬಂಧ ಪಾಂಡಿಚೇರಿಯ ಒಬ್ಬ ಹಿರಿಯ ಪರೀಕ್ಷಕರಿಗೆ ಹೋಯಿತು. ಮೂರು ವಾರಕ್ಕೆ ಅವರ ಪತ್ರ ಬಂತು. ಮೌಖಿಕ ಪರೀಕ್ಷೆಗೆ ಬರುತ್ತೇನೆ, ಈ ವಾಕ್ಯಗಳ ಬಗ್ಗೆ ಕೇಳಲಿಕ್ಕಿದೆ, ಮಾಹಿತಿ ಕೊಟ್ಟ ಮಹಿಳೆ ಆ ದಿನ ಹಾಜರಿದ್ದರೆ ಒಳ್ಳೆಯದು, ಟೇಪು ಇದ್ದರೆ ಇನ್ನೂ ಒಳ್ಳೆಯದು ಅಂತ ಬರೆದಿದ್ದರು.

ಜಯತೀರ್ಥರು ಪತ್ರವನ್ನು ಎರಡು ಸಲ ಓದಿ ನಲಿನಿಯನ್ನು ಕರೆಸಿದರು. "ಟೇಪು ವಿದ್ಯಾಲಯದ್ದು. ಅದರ ಮೇಲೆ ಮೊದಲನೇ ವರ್ಷದವರಿಗೆ ಫ್ರೆಂಚ್ ಹಾಡು ತುಂಬಿಸಿಯಾಯಿತು," ಅಂದರು. ಆ ಜಗಳ, ಆ ನಗು, ಅವ್ವನ ಆ ಎರಡೆರಡು ದನಿ, ಎಲ್ಲ ಅಳಿಸಿಹೋಗಿತ್ತು. "ತಾಯಿಯನ್ನು ಕರೆದುಕೊಂಡು ಬಾ. ಏನು ಹೇಳಬೇಕೆಂದು ಮನೆಯಲ್ಲಿ ಸರಿಯಾಗಿ ಹೇಳಿಕೊಡು."

ನಲಿನಿ ಹೇಳಿಕೊಡಲಿಲ್ಲ. ಸತ್ಯವಂತೆ ಅಂತ ತಿಳಿಯಬೇಡಿರಿ, ಹೆದರಿಕೆಗೆ. ಹೇಳಿಕೊಡಬೇಕಾದರೆ ಮೊದಲು ಚಿಕ್ಕಿಯ ಅರ್ಥ ಹೇಳಬೇಕಲ್ಲ! ಇವತ್ತು ನಾಳೆ ಅನ್ನುತ್ತ ಅನ್ನುತ್ತ ಪರೀಕ್ಷೆಯ ಬೆಳಗು ಬಂದೇಬಿಟ್ಟಿತು. ಅಂಬವ್ವ ಮದುವೆಗೆ ಹೊರಟವಳಂತೆ ಇಳಕಲ್ಲ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿ, ತಲೆಗೆ ಹೂ ಮುಡಿದು ಬಸ್ಸು ಹತ್ತಿದಳು. ದಾರಿಯಲ್ಲಿ ಅವಳ ಬಾಯಿಗೆ ಬಿಡುವಿಲ್ಲ. ಗಂಗೂಬಾಯಿ ಏನಂದಳು, ಅದಕ್ಕೆ ತಾನು ಏನಂದೆ, ಕಂಡಕ್ಟರು ಏನಂದ. ಅಂದಾ ಕಿ, ಅಂದೆ ಕಿ. ಒಂದೊಂದು "ಕಿ"ಗೂ ನಲಿನಿ ಕಿಟಕಿಯ ಹೊರಗೆ ನೋಡಿದಳು.

ಬಂಗಲೆಯ ಜಗುಲಿಯ ಬೆಂಚಿನ ಮೇಲೆ ಅವ್ವನನ್ನು ಕೂರಿಸಿ ನಲಿನಿ ಒಳಗೆ ಹೋದಳು. ಪರೀಕ್ಷಕರು ಇನ್ನೂ ಚಹಾ ಕುಡಿಯುತ್ತಿದ್ದರು. ಕಿಟಕಿಯಿಂದ ಜಗುಲಿ ಕಾಣುತ್ತಿತ್ತು. ಜಯತೀರ್ಥರು ಅತ್ತ ನಡೆದು ಹೋಗುವುದು ಕಂಡಿತು. ಅಂಬವ್ವ ದಡಕ್ಕನೆ ಎದ್ದು ಕೈ ಮುಗಿದು ದೊಡ್ಡ ದನಿಯಲ್ಲಿ, "ನಮಸ್ಕಾರ್ರೀ ಸರ್! ನನ್ನಂಥಾಕಿ ಮಾತಿಗೆ ನಲವತ್ತೊಂದು ಚಿಕ್ಕಿ ಕೊಟ್ರಿ. ನಿಮ್ಮ ಉಪಕಾರ ಮರಿಯಂಗಿಲ್ಲ ನೋಡ್ರಿ!" ಅಂದದ್ದು ಇಲ್ಲಿಯವರೆಗೆ ಕೇಳಿಸಿತು.

ಜಯತೀರ್ಥರು ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಬೆಂಚಿನ ತುದಿಗೆ ಕೂತು, ಕರ್ಚೀಫು ಬಾಯಿಗೆ ಒತ್ತಿಕೊಂಡು, ಮೆಲ್ಲಗೆ, ಭಾಳ ಮರ್ಯಾದೆಯಿಂದ ಏನೋ ಹೇಳತೊಡಗಿದರು. ಆ ಮರ್ಯಾದೆ ನೋಡಬೇಕಿತ್ತು ನೀವು. ನಲಿನಿಗೆ ಮಾತು ಕೇಳಿಸಲಿಲ್ಲ. ಅವ್ವನ ಮುಖ ಮಾತ್ರ ಕಂಡಿತು. ಮುಗಿದಿದ್ದ ಕೈ ನಿಧಾನವಾಗಿ ಕೆಳಗಿಳಿಯಿತು. ಸೆರಗು ತಲೆಯ ಮೇಲಿನಿಂದ ಹಣೆಗೆ ಬಂತು. ಒಂದು ಸಲ ಅವಳು ತಿರುಗಿ ಕಿಟಕಿಯ ಕಡೆ ನೋಡಿದಳು. ನಲಿನಿ ಕಂಬದ ಮರೆಗೆ ಸರಿದಳು. ಹೌದ್ರೀ, ಸರಿದಳು. ಹೆತ್ತ ತಾಯಿ ತನ್ನನ್ನು ಹುಡುಕುವಾಗ ಕಂಬದ ಮರೆಗೆ ನಿಂತಳು.

ಪರೀಕ್ಷೆ ಶುರುವಾಯಿತು. ಪಾಂಡಿಚೇರಿಯ ಪರೀಕ್ಷಕರು ಸಣಕಲ ಮುದುಕ, ಕಿವಿಗೆ ಯಂತ್ರ. ತಮಿಳರು. ಕನ್ನಡ ಬಾರದು. ಅರ್ಧ ಗಂಟೆ ಫ್ರೆಂಚಿನಲ್ಲಿ ಅದು ಇದು ಕೇಳಿದರು, ನಲಿನಿ ಉತ್ತರ ಕೊಟ್ಟಳು, ಎಲ್ಲ ಸುರಳೀತ. ಆಮೇಲೆ ಪುಟ ತಿರುವಿ ಆ ಚಂದದ ಚಿಕ್ಕಿಗಳ ಮೇಲೆ ಬೆರಳಿಟ್ಟರು.

"ಮದ್ಮೊಝೆಲ್, ಚಿಕ್ಕಿ ಹಾಕುವ ಅಧಿಕಾರ ನನಗಿಲ್ಲ, ನಿಮ್ಮ ಗೈಡಿಗೂ ಇಲ್ಲ. ಆ ಭಾಷೆಯಲ್ಲೇ ಹುಟ್ಟಿ ಬೆಳೆದವರು ಒಲ್ಲೆ ಅಂದರೆ ಮಾತ್ರ ಚಿಕ್ಕಿ. ಇವನ್ನು ಒಲ್ಲೆ ಅಂದವರು ಯಾರು?"

ಜಯತೀರ್ಥರು ಅವಳ ಪರವಾಗಿ, "ಅವಳ ತಾಯಿಯೇ," ಅಂದರು. "ಹೊರಗೆ ಇದ್ದಾರೆ."

"ಕರೆಸಿ."

ಅಂಬವ್ವ ಒಳಗೆ ಬಂದಳು. ಬೆಳಗಿನ ಅಂಬವ್ವ ಅಲ್ಲ. ಕುರ್ಚಿ ತೋರಿಸಿದರೂ ಕೂರದೆ ಗೋಡೆಗೆ ತಾಗಿ ನಿಂತಳು. ಮುದುಕರು ನಮಸ್ಕಾರ ಮಾಡಿ, ನಲಿನಿಗೆ ಒಂದು ವಾಕ್ಯ ಓದಲು ಹೇಳಿದರು. ನಲಿನಿ ಅವ್ವನ ಮುಖ ನೋಡದೆ ಹಾಳೆ ನೋಡಿಕೊಂಡು ಓದಿದಳು.

"ಯವ್ವಾ, 'ಗಂಗೂಬಾಯಿ ಅಂದ್ಳು ಕಿ ನಳದ ನೀರು ಮೊದಲ ತನಗ ಬೇಕು ಅಂತ.' ಹಿಂಗ ನೀ ಅಂತಿಯೇನು?"

ಅಂಬವ್ವ ಮೇಷ್ಟರನ್ನು ನೋಡಿದಳು, ಮಗಳನ್ನು ನೋಡಿದಳು. ಆಮೇಲೆ ನಳದ ಹತ್ತಿರ ಗಂಗೂಬಾಯಿಯ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಲ್ಲುವ ಅದೇ ಠೀವಿ ಹೇಗೋ ತಂದುಕೊಂಡು, ತಲೆ ಎತ್ತಿ ಹೇಳಿದಳು.

"ಅಯ್ಯ! ಯಾರ ಹೇಳ್ಯಾರ್ರೀ ಕಿ ನಾ ಹಂಗ ಮಾತಾಡ್ತೀನಿ ಅಂತ? ನಮ್ಮನ್ಯಾಗ ಯಾರೂ ಹಂಗ ಮಾತಾಡಂಗಿಲ್ಲ!"

ಕೇಳಿದಿರಾ? ಇಲ್ಲ ಅನ್ನಲಿಕ್ಕೂ ಆಕೆಗೆ "ಕಿ" ಬೇಕಾಯಿತು. ಸುಳ್ಳು ಹೇಳಿದ್ದು ಮನಸ್ಸು, ನಾಲಿಗೆ ಸುಳ್ಳು ಹೇಳಲಿಲ್ಲ. ಆ ಕೋಣೆಯಲ್ಲಿ ಅದು ಅರ್ಥವಾದವರು ಇಬ್ಬರೇ. ಜಯತೀರ್ಥರು ತಟಕ್ಕನೆ ಕಿಟಕಿಯ ಕಡೆ ತಿರುಗಿದರು. ನಲಿನಿಗೆ ನಗುವೂ ಬಂತು, ವಾಂತಿಯೂ ಬಂತು, ಎರಡನ್ನೂ ನುಂಗಿಕೊಂಡಳು.

ಮುದುಕರು ಕಿವಿಯ ಯಂತ್ರ ಸರಿಮಾಡಿಕೊಂಡು ಮುಂದೆ ಬಗ್ಗಿದರು. "ಏನಂದರು? ಒಂದೊಂದು ಶಬ್ದವಾಗಿ ಹೇಳಿ. ನಡುವೆ 'ಕಿ' ಅಂದ ಹಾಗೆ ಕೇಳಿಸಿತು. ಏನದು?"

ನಲಿನಿ ಬಾಯಿ ತೆರೆದಳು. ಅವಳಿಗಿಂತ ಮುಂಚೆ ಜಯತೀರ್ಥರ ಬಾಯಿ ತೆರೆದಿತ್ತು.

"ಅದು 'ಆಕಿ', ಮೊಸ್ಯೋ. ನಮ್ಮ ಕಡೆ 'ಅವಳು' ಎಂಬುದಕ್ಕೆ 'ಆಕಿ' ಎನ್ನುತ್ತಾರೆ. ಮಗಳ ಕುರಿತು ಹೇಳಿದ್ದು. ಮೊದಲಿನ ಸ್ವರ ತೇಲಿಹೋಗಿದೆ, ಅಷ್ಟೇ." ಲವಂಗದ ಚೂರೊಂದು ತುಟಿಯ ಮೇಲೆ ಬಂದು ನಿಂತಿತ್ತು. "ಹೌದಲ್ಲವೇ, ನಲಿನಿ?"

ಥೂ, ಏನು ಬುದ್ಧಿ! ಭಾಷೆ ಕಲಿತವನೇ ಹೆಣೆಯಬಲ್ಲ ಸುಳ್ಳು ಅದು. ನಲಿನಿಗೆ ಗೊತ್ತಿತ್ತು, ಇಲ್ಲಿ ತನಗೆ ಒಂದು ಮಾತಿನ ಅವಕಾಶ ಇದೆ. "ನೋಂ", ಅಲ್ಲ, ಅಷ್ಟು ಅಂದರೆ ಆಯಿತು. ಮೇಜಿನ ಮೇಲಿನ ಪ್ರಬಂಧ ಬಿದ್ದುಹೋಗುತ್ತದೆ, ಕಾಲೇಜಿನ ನೌಕರಿ ಹೋಗುತ್ತದೆ, ಆದರೆ ಅವ್ವನ ಮಾತು ಎದ್ದು ನಿಲ್ಲುತ್ತದೆ. ಮುದುಕರು ಪೆನ್ನು ಹಿಡಿದು ಕಾಯುತ್ತಿದ್ದರು. ನಲಿನಿ ತನಗೆ ತಾನೇ ಹೇಳಿಕೊಂಡಳು: ನಿಜ ಹೇಳಿದರೆ ಇಷ್ಟು ಜನರ ಮುಂದೆ ಅವ್ವ ಸುಳ್ಳುಗಾತಿ ಆಗುತ್ತಾಳೆ, ಅವ್ವನ ಮಾನ ಉಳಿಸಬೇಕು. ಎಂಥ ಹಲ್ಕಾ ನೆಪ! ಅವ್ವನ ಮಾನವಂತೆ! ಅವಳಿಗೆ ಕಂಡದ್ದು ಜೂನ್ ತಿಂಗಳು, ಕಾಲೇಜಿನ ಗೇಟು, ಹಾಜರಿ ಪುಸ್ತಕದಲ್ಲಿ ತನ್ನ ಹೆಸರು.

"ವಿ, ಮೊಸ್ಯೋ," ಅಂದಳು. ಹೌದು ಸ್ವಾಮಿ.

ಮುದುಕರು ತಲೆಯಾಡಿಸಿ ಅದನ್ನೇ ಬರೆದುಕೊಂಡರು. ಮೊದಲ ದರ್ಜೆ ಕೊಟ್ಟರು. ಏಳುವ ಮುಂಚೆ ಅಂಬವ್ವನಿಗೆ ಮತ್ತೆ ಕೈ ಮುಗಿದು ಏನೋ ಹೇಳಿದರು. ಜಯತೀರ್ಥರು ಅದನ್ನು ಕನ್ನಡಕ್ಕೆ ತಂದರು: "ನಿಮ್ಮಂಥ ತಾಯಂದಿರಿಂದಲೇ ಭಾಷೆ ಸ್ವಚ್ಛವಾಗಿ ಉಳಿದಿದೆ ಎನ್ನುತ್ತಿದ್ದಾರೆ, ತಾಯಿ." ಹೇಳುವಾಗ ಅವರ ಮುಖದ ಮೇಲೆ ಒಂದು ಗೆರೆಯೂ ಅಲ್ಲಾಡಲಿಲ್ಲ. ಅಂಬವ್ವ ತಲೆ ಬಗ್ಗಿಸಿ, "ಎಲ್ಲಾ ನಿಮ್ಮ ಆಶೀರ್ವಾದರಿ," ಅಂದಳು. ನಲಿನಿ ಹೊರಗೆ ಓಡಿ ನಳದ ಕೆಳಗೆ ಮುಖ ತೊಳೆದಳು, ಕೈ ತೊಳೆದಳು, ಮತ್ತೆ ಮತ್ತೆ ತೊಳೆದಳು. ಅತ್ತರು ತನ್ನ ಮೈಯಿಂದಲೇ ಬರುತ್ತಿದೆ ಅನಿಸುತ್ತಿತ್ತು.

ಬಸ್ಸಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಅಂಬವ್ವ ಸುಮ್ಮನೆ ಕೂತದ್ದನ್ನು ನಲಿನಿ ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಛಲೋ ಹೇಳಿದ್ನಿಲ್ಲವಾ?" ಅಂತ ಕೊನೆಗೆ ಅಂಬವ್ವ ಕೇಳಿದಳು.

"ಹೂಂ, ಯವ್ವಾ."

"ಹೊರಗ ಆ ಸರ್ ನನಗ ಹೇಳಿದ್ರು ಕಿ..." ಅಂಬವ್ವ ನಾಲಿಗೆ ಕಚ್ಚಿಕೊಂಡಳು. ಸುತ್ತಮುತ್ತ ಕೂತವರನ್ನು ನೋಡಿದಳು. ಮತ್ತೆ ಶುರು ಮಾಡಿದಳು. "ಸರ್ ನನಗ ಹೇಳಿದ್ರು..." ಮುಂದೆ ದಾರಿ ಸಿಗಲಿಲ್ಲ. ಬಾಯಿ ಮುಚ್ಚಿದಳು.

ನಲಿನಿಗೆ ತಡೆಯಲಾಗಲಿಲ್ಲ. "ಅನ್ನು, ಯವ್ವಾ. ಕಿ ಅನ್ನು. ನೀ ಅನ್ನೂದು ಬರೋಬ್ಬರಿ ಐತಿ. ಅವರದ ತಪ್ಪು."

"ಬರೋಬ್ಬರಿ ಇದ್ರ ನೀ ಯಾಕ ಚಿಕ್ಕಿ ಹಾಕಿದಿ?"

ಸಿಟ್ಟಿನಿಂದ ಕೇಳಿದ್ದಲ್ಲ. ತಿಳಿಯದ್ದನ್ನು ಓದಿದವಳ ಹತ್ತಿರ ಕೇಳುವ ಹಾಗೆ ಕೇಳಿದಳು. ನಲಿನಿ ಕೈಯಲ್ಲಿದ್ದ ಬಸ್ ಟಿಕೀಟು ಮಡಚುತ್ತ ಹೋದಳು. ಅಂಬವ್ವ ಒಂದು ಸ್ಟಾಪಿನ ತನಕ ಕಾದಳು, ಆಮೇಲೆ ಮಗಳ ಮೊಣಕಾಲ ಮೇಲೆ ಕೈ ಇಟ್ಟಳು.

"ಹೋಗಲಿ ಬಿಡು. ನಾಳೆ ನೀ ಕಾಲೇಜಿನಾಗ ಮೇಡಂ ಆಗಾಕಿ. ನಿನ್ನ ಜೋಡಿಯವರು ಮನಿಗೆ ಬರ್ತಾರ, ಹೋಗ್ತಾರ. ನನ್ನ ಬಾಯಾಗಿಂದ ಹಿಂಥಾದ್ದು ಬಂದ್ರ ನಿನಗ ನಾಚಿಕಿ. ಹೆಂಗ ಅನ್ನಬೇಕು ಅದನ್ನ, ನೀನ ಹೇಳಿಕೊಡು."

"ಬ್ಯಾಡ, ಯವ್ವಾ."

"ಹೇಳಿಕೊಡ ಅಂದ್ರ. ಅಷ್ಟು ಓದಿದಾಕಿ, ತಾಯಿಗೆ ಒಂದ ಮಾತು ಕಲಿಸಾಕ ಆಗಂಗಿಲ್ಲೇನು?"

ಆಗುವುದಿಲ್ಲ ಅಂತ ನಲಿನಿ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿಕೊಟ್ಟಳು ನೋಡ್ರಿ! ಮೊದಲ ದರ್ಜೆಯ ಎಂ.ಎ. ಮುಗಿಸಿ ಅವಳು ಕಲಿಸಿದ ಮೊದಲ ಪಾಠ ಇದು.

"ಆಡಿದ ಮಾತು ಮೊದಲ ಬರಬೇಕು, ಯವ್ವಾ. 'ಅಂತ' ಅದರ ಹಿಂದ. ಹೇಳಿದವರು ಕಡೀಕ. 'ಚಿಕ್ಕಿ ಅಂದ್ರ ತಪ್ಪು ಅಂತ ಸರ್ ಹೇಳಿದ್ರು.' ಹಿಂಗ."

ಅಂಬವ್ವ ತುಟಿಯಲ್ಲೇ ಅದನ್ನು ಎಣಿಸಿಕೊಂಡಳು. "ಸರ್ ಹೇಳಿದ್ರು ಕಿ ಚಿಕ್ಕಿ..." ಅಂದಳು, ನಿಂತಳು. "ಚಿಕ್ಕಿ ಅಂದ್ರ, ಸರ್ ಹೇಳಿದ್ರು ಕಿ..." ಮತ್ತೆ ನಿಂತಳು. ಹಣೆಯ ಬೆವರು ಒರೆಸಿಕೊಂಡು, ಬಾಯಿಯಲ್ಲಿ ಬಿಸಿ ತುತ್ತು ಇದ್ದಂತೆ ನಿಧಾನವಾಗಿ ಇನ್ನೊಂದು ಸಲ ನೋಡಿದಳು.

"ಚಿಕ್ಕಿ ಅಂದ್ರ ತಪ್ಪು ಅಂತ ಸರ್ ಹೇಳಿದ್ರು."

ಮೂರನೆಯ ಸಲಕ್ಕೆ ಸರಿಯಾಗಿ ಬಂತು.